ಕಡಲ ಕಾಡು ಮತ್ತೆ ಬೆಳೆಸಲು ಯಾವ ದಾರಿ? ಹಾಸನದಲ್ಲಿ ಕೂತು ಮಾಡಿದ ಒಂದು ಹೋಲಿಕೆ

ಹಾಸನದ ಗೊಬ್ಬರದಂಗಡಿಗಳಲ್ಲಿ ಆಲೂಗಡ್ಡೆಗೆ ಸಿಂಪಡಿಸುವ ಒಂದು ಕಂದು ದ್ರವ ಸಿಗುತ್ತದೆ. ಅಂಗಡಿಯವರು 'ಸೀವೀಡ್' ಅನ್ನುತ್ತಾರೆ. ಮುಚ್ಚಳ ತೆಗೆದರೆ ಒಣಮೀನಿನ ಸಾಲಿಗೆ ಹೋದ ಹಾಗೆ ವಾಸನೆ. ಕ್ಯಾನಿಗೆ ಎಷ್ಟು ಹಾಕಬೇಕು ಅಂತ ಕೇಳಿಕೊಂಡು ತಂದುಬಿಡುತ್ತೇವೆ. ಇದು ಯಾವ ಕಡಲಿನದು, ಅಲ್ಲಿ ಇನ್ನೂ ಎಷ್ಟು ಉಳಿದಿದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು ನಾನು!

ಯೋಚನೆಗೆ ಹಚ್ಚಿದ್ದು ಅಕ್ಕನ ಮಗಳು. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದ್ದಾಳೆ. ಈಗ ಹೊರದೇಶದಲ್ಲಿ ಸಂಶೋಧನೆಗೆ ಅರ್ಜಿ ಹಾಕುವ ಗಡಿಬಿಡಿ. ಒಂದು ಭಾನುವಾರ ಮನೆಗೆ ಬಂದವಳು ಅಕ್ಕಿರೊಟ್ಟಿ ಮುರಿಯುತ್ತಾ ಕೇಳಿದಳು. "ಮಾವ, ಕಡಲ ಕಾಡನ್ನ ಒಂದೊಂದು ದೇಶದಲ್ಲಿ ಒಂದೊಂದು ಥರ ಬೆಳೆಸ್ತಿದಾರೆ. ನಾನು ಯಾವುದಕ್ಕೆ ಸೇರ್ಲಿ?"

"ನಾನು ಸಮುದ್ರ ನೋಡಿರೋದೇ ಮಲ್ಪೆಯಲ್ಲಿ ಪ್ಯಾಂಟ್ ಮಡಚಿಕೊಂಡು" ಅಂದೆ.

"ನಿಮಗೆ ತೋಟ ಗೊತ್ತಲ್ಲ. ಅಷ್ಟು ಸಾಕು."

ಹಾಗಾಗಿ ಒಂದೆರಡು ತಿಂಗಳು ಓದಿದೆ, ಅವಳ ಜೊತೆ ವಾದ ಮಾಡಿದೆ. ಅದರಿಂದ ಹೊರಬಂದ ಹೋಲಿಕೆ ಇದು. ಇದೇ ದಾರಿಯಲ್ಲಿ ಹೋಗುವ ಬೇರೆ ಹುಡುಗ ಹುಡುಗಿಯರಿಗೂ ಉಪಯೋಗವಾದೀತು.

ಮೊದಲು, ಇದು ಎಂಥ ಕಾಡು

ನಾವು 'ಕಡಲಕಳೆ' ಅನ್ನುತ್ತೇವೆ. ಕಳೆ ಅಂದಮೇಲೆ ಕೀಳುವ ವಸ್ತು ಅನ್ನಿಸಿಬಿಡುತ್ತದೆ. ಆದರೆ ತಣ್ಣನೆ ಸಮುದ್ರಗಳಲ್ಲಿ ಬೆಳೆಯುವ ಕೆಲ್ಪ್ ಎಂಬ ಕಂದು ಪಾಚಿ ನಿಜವಾಗಿಯೂ ಕಾಡೇ. ದೈತ್ಯ ಕೆಲ್ಪ್ ಅನುಕೂಲ ಇದ್ದರೆ ಒಂದು ದಿನಕ್ಕೆ ಅರ್ಧ ಮೀಟರಿಗೂ ಜಾಸ್ತಿ ಬೆಳೆಯುತ್ತದೆ. ಕೆಲವು 40 ಮೀಟರ್ ದಾಟುತ್ತವೆ. ನಮ್ಮ ತೋಟದ ಸಿಲ್ವರ್ ಓಕ್ ಕೂಡ ಅಷ್ಟು ಎತ್ತರಕ್ಕೆ ಹೋಗುವುದು ಕಷ್ಟ. ಇದಕ್ಕೆ ಬೇರಿಲ್ಲ. ಬೇರಿನ ಹಾಗೆ ಕಾಣುವ ಒಂದು ಹಿಡಿಕೆ ಬಂಡೆಯನ್ನು ಕಚ್ಚಿಕೊಂಡಿರುತ್ತದೆ ಅಷ್ಟೆ. ಊಟವೆಲ್ಲ ನೀರಿನಿಂದ, ಎಲೆಯ ಮೂಲಕ. ಬೀಜವೂ ಇಲ್ಲ, ಕಣ್ಣಿಗೆ ಕಾಣದ ಬೀಜಕಣಗಳು ನೀರಿನಲ್ಲಿ ತೇಲಿ ಬಂಡೆಗೆ ಅಂಟುತ್ತವೆ. ಮೀನು, ಏಡಿ, ಸಿಗಡಿ, ಕಡಲ ಬಸವನಹುಳು ಎಲ್ಲಕ್ಕೂ ಅದೇ ಮನೆ.

ಈ ಕಾಡು ಹಲವು ಕಡೆ ಬರಿದಾಗಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೂರ್ವ ಕರಾವಳಿಯಲ್ಲಿ ನೀರಿನ ಮೇಲೆ ಹರಡಿ ಕಾಣುತ್ತಿದ್ದ ದೈತ್ಯ ಕೆಲ್ಪಿನಲ್ಲಿ ಶೇಕಡಾ 95ರಷ್ಟು ಹೋಗಿದೆ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ 2014ರಿಂದೀಚೆಗೆ ಶೇಕಡಾ 90ಕ್ಕೂ ಹೆಚ್ಚು.

ದಾರಿ ಆರಿಸುವ ಮುಂಚೆ ಕೇಳಬೇಕಾದ್ದು

ಇಲ್ಲಿ ನನ್ನದೊಂದು ದಡ್ಡತನ ಹೇಳಲೇಬೇಕು. ಸಕಲೇಶಪುರದ ಕಡೆ ನಮಗೆ ಮೂರು ಎಕರೆ ಕಾಫಿ ಇದೆ. ತೋಟದ ಕೆಳಗೆ ಒಂದು ಹಳ್ಳ. ಅದರ ದಂಡೆ ಬೋಳಾಗಿತ್ತು. ಒಂದು ವರ್ಷ ಮುಂಗಾರಿಗೆ ಸರಿಯಾಗಿ ಇನ್ನೂರು ಸಸಿ ತಂದು ನೆಡಿಸಿದೆ. ಹೊಳೆಮತ್ತಿ, ನೇರಳೆ, ಹೊಂಗೆ. ದೀಪಾವಳಿಗೆ ಹೋಗಿ ನೋಡಿದರೆ ಹನ್ನೊಂದು ಉಳಿದಿದ್ದವು. ನರ್ಸರಿಯವನನ್ನು ಬೈದುಕೊಂಡೆ. ಬೇರು ಬ್ಯಾಗಿನೊಳಗೇ ಸುತ್ತಿಕೊಂಡಿದ್ದ ಸಸಿ ಕೊಟ್ಟಿದ್ದ, ಅದೂ ನಿಜ. ಆದರೆ ತೋಟದ ಆಳು ತಣ್ಣಗೆ ಹೇಳಿದ. "ಸಾರ್, ಊರ ದನ ಎಲ್ಲಾ ನೀರು ಕುಡಿಯಕ್ಕೆ ಇಲ್ಲೇ ಇಳಿಯದು." ಆಮೇಲೆ ಬೇಲಿ ಹಾಕಿ, ದನಕ್ಕೆ ಪಕ್ಕದಲ್ಲಿ ಒಂದು ದಾರಿ ಬಿಟ್ಟೆವು. ಮುಂದಿನ ಎರಡು ವರ್ಷದಲ್ಲಿ ಹಕ್ಕಿ ಹಿಕ್ಕೆಯಿಂದ ನೇರಳೆ ತಾನೇ ಎದ್ದಿತು. ಒಂದು ಸಸಿಯನ್ನೂ ನಾನು ನೆಟ್ಟಿರಲಿಲ್ಲ.

ಕಡಲಿನಲ್ಲೂ ಕಥೆ ಇದೇ. ಕಾಡು ಹೋಗಿದ್ದು ಯಾಕೆ? ತಿನ್ನುವವರು ಜಾಸ್ತಿಯಾದರೋ, ನೀರು ಕೊಳೆಯಾಯಿತೋ, ಬಲೆ ಎಳೆದು ಕಿತ್ತರೋ, ಸಮುದ್ರವೇ ಬಿಸಿಯಾಯಿತೋ? ಆ ಕಾರಣ ಈಗಲೂ ಇದೆಯಾ, ಇಲ್ಲವಾ? ಕಾರಣ ಹೋಗಿದ್ದರೂ ಕಾಡು ವಾಪಸ್ ಬಂದಿಲ್ಲ ಅಂದರೆ ಹತ್ತಿರದಲ್ಲಿ ಬೀಜಕಣ ಕೊಡುವ ತಾಯಿಗಿಡ ಇದೆಯಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದ ಹಾಗೆ.

ತಿನ್ನುವವರನ್ನು ತೆಗೆಯುವುದು

ಕೆಲ್ಪಿನ ದೊಡ್ಡ ಶತ್ರು ಸೀ ಅರ್ಚಿನ್. ಮೈತುಂಬ ಮುಳ್ಳಿರುವ ನಿಂಬೆ, ಕಿತ್ತಳೆ ಗಾತ್ರದ ಪ್ರಾಣಿ. ನಾನು ಮುಳ್ಳುಚೆಂಡು ಅಂತಲೇ ಕರೆಯುತ್ತೇನೆ. ಒಂದೆರಡು ಇದ್ದರೆ ತೊಂದರೆ ಇಲ್ಲ, ಉದುರಿದ ಎಲೆ ತಿಂದುಕೊಂಡು ಬಿರುಕಿನಲ್ಲಿರುತ್ತವೆ. ಮಿತಿ ಮೀರಿದರೆ ದಂಡು ಕಟ್ಟಿ ಹೊರಗೆ ಬಂದು ಹಿಡಿಕೆಯನ್ನೇ ಕಡಿಯುತ್ತವೆ. ಬುಡ ಹೋದರೆ 20 ಮೀಟರ್ ಗಿಡವೂ ತೇಲಿ ಹೋಗುತ್ತದೆ.

ನಮ್ಮ ಅರೇಬಿಕಾ ತೋಟದವರಿಗೆ ಇದನ್ನು ವಿವರಿಸುವುದೇ ಬೇಡ. ಬಿಳಿ ಕಾಂಡಕೊರಕ ಗೊತ್ತಲ್ಲ. ಕಾಂಡದ ಮೇಲೆ ಏಣು ಎದ್ದಿದೆಯಾ ಅಂತ ಗಿಡ ಗಿಡ ಮುಟ್ಟಿ ನೋಡಿ, ಹುಳ ಹಿಡಿದಿದ್ದನ್ನು ಕಿತ್ತು ಸುಡುತ್ತೇವೆ. ಹಾಗೆ ಮಾಡದೆ ಪಕ್ಕದಲ್ಲಿ ಹೊಸ ಸಸಿ ಇಟ್ಟರೆ ಹುಳಕ್ಕೆ ಊಟ ಬಡಿಸಿದ ಹಾಗೆ.

ಕಾಡು ತಿಂದು ಮುಗಿಸಿದ ಮೇಲೆ ಮುಳ್ಳುಚೆಂಡು ಹಸಿವಿನಿಂದ ಸಾಯಬೇಕು ತಾನೇ? ಸಾಯುವುದಿಲ್ಲ. ಒಳಗೆ ಟೊಳ್ಳಾಗಿ ವರ್ಷಗಟ್ಟಲೆ ಬದುಕುತ್ತವೆ. ಹೊಸ ಚಿಗುರು ಬಂದರೆ ಸಾಕು, ಮುಗಿಬೀಳುತ್ತವೆ. ಅದಕ್ಕೇ ಬರಡಾದ ಜಾಗ ದಶಕಗಳ ಕಾಲ ಬರಡಾಗಿಯೇ ಇರಬಹುದು. ಇನ್ನೊಂದು ಪೇಚು ಇದೆ. ಕಾಡು ಹಾಳಾಗಲು ಎಷ್ಟು ಮುಳ್ಳುಚೆಂಡು ಬೇಕೋ, ಅದಕ್ಕಿಂತ ಎಷ್ಟೋ ಕಡಿಮೆಗೆ ಇಳಿಸಿದರೆ ಮಾತ್ರ ಕಾಡು ಮತ್ತೆ ಏಳುತ್ತದೆ. ಅರ್ಧಂಬರ್ಧ ತೆಗೆದರೆ ದುಡ್ಡು ದಂಡ.

ಲಾಸ್ ಏಂಜಲಿಸ್ ಪಕ್ಕದ ಪಾಲೋಸ್ ವೆರ್ಡೀಸ್ ಎಂಬಲ್ಲಿ 2013ರಿಂದ ಈ ಕೆಲಸ ನಡೆದಿದೆ. ಅಕ್ಕನ ಮಗಳು ಫೋನಿನಲ್ಲಿ ವೀಡಿಯೊ ತೋರಿಸಿದಳು. ಮುಳುಗುಗಾರ ಒಂದು ಸಣ್ಣ ಸುತ್ತಿಗೆ ಹಿಡಿದು ಬಂಡೆ ಬಂಡೆಗೆ ಹೋಗುತ್ತಾನೆ. ಟಕ್ ಅಂತ ಒಂದು ಏಟು. ಚಿಪ್ಪು ಒಡೆದು ಹಳದಿ ಪುಡಿ ಮೋಡದ ಹಾಗೆ ಏಳುತ್ತದೆ, ತಕ್ಷಣ ಮೀನುಗಳು ಬಂದು ಮುತ್ತುತ್ತವೆ. ಮುಂದಿನದು, ಅದರ ಮುಂದಿನದು. ಪೂರ್ತಿ ನಿರ್ನಾಮ ಮಾಡುವುದಿಲ್ಲ, ಚದರ ಮೀಟರಿಗೆ ಒಂದೆರಡು ಬಿಡುತ್ತಾರೆ. ಹತ್ತಿರದಲ್ಲೇ ತಾಯಿಗಿಡಗಳಿದ್ದ ಕಾರಣ ಕೆಲ್ಪ್ ತಾನಾಗಿ ಬಂತು. ನೆಡುವ ಕೆಲಸವೇ ಇಲ್ಲ.

ನಾರ್ವೆಯ ಉತ್ತರದಲ್ಲಿ ಸುಡುಸುಣ್ಣ ಚೆಲ್ಲಿಯೂ ನೋಡಿದ್ದಾರೆ. ಬೋರ್ಡೋ ದ್ರಾವಣಕ್ಕೆ ನಾವು ತರುತ್ತೇವಲ್ಲ, ಅದೇ ಜಾತಿಯ ಸುಣ್ಣ. ಮುಳ್ಳುಚೆಂಡಿನ ಮೈ ಸುಡುತ್ತದೆ. ಅಗ್ಗ, ಬೇಗ. ಆದರೆ ನಕ್ಷತ್ರಮೀನಿನಂಥ ಅದರ ಬಳಗಕ್ಕೂ ಏಟು ಬೀಳುತ್ತದೆ. ನನಗೆ ಸುತ್ತಿಗೆಯೇ ಇಷ್ಟ, ಯಾವುದಕ್ಕೆ ಹೊಡೆಯುತ್ತಿದ್ದೇವೆ ಅಂತಾದರೂ ಕಾಣುತ್ತದೆ.

ಹಿಡಿದು ಮಾರಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಜಪಾನಿನಲ್ಲಿ ಮುಳ್ಳುಚೆಂಡಿನ ಒಳಗಿನ ಹಳದಿ ಭಾಗಕ್ಕೆ ಒಳ್ಳೆ ಬೆಲೆ ಇದೆ. ಟಾಸ್ಮೇನಿಯಾದಲ್ಲಿ ಹಾಗೆ ಹಿಡಿಯುವವರಿಗೆ ಸರ್ಕಾರ ಸಹಾಯಧನವನ್ನೂ ಕೊಟ್ಟಿದೆ. ಆದರೆ ಬರಡು ಜಾಗದ ಹಸಿದ ಮುಳ್ಳುಚೆಂಡಿನಲ್ಲಿ ತಿನ್ನಲು ಏನೂ ಇರುವುದಿಲ್ಲ, ಜೊಳ್ಳು ಭತ್ತದ ಹಾಗೆ. ತೊಟ್ಟಿಯಲ್ಲಿಟ್ಟು ಮೇವು ಹಾಕಿ ಕೊಬ್ಬಿಸಿ ಮಾರುವ ಪ್ರಯತ್ನಗಳೂ ನಡೆದಿವೆ. ವ್ಯಾಪಾರ ಕುದುರಿದರೆ ಒಳ್ಳೆಯದೇ. ಆದರೆ ಹಿಡಿಯುವವರು ಹೋಗುವುದು ತುಂಬಿದ ಕಾಯಿ ಸಿಗುವ ಕಡೆಗೆ. ನಮಗೆ ಬೇಕಾದ್ದು ಜೊಳ್ಳು ಇರುವ ಕಡೆ ತೆಗೆಯುವುದು.

ಸುಮ್ನೆ ಬಿಡುವುದು, ಅಥವಾ ಬೇಟೆಗಾರರನ್ನು ಕರೆಯುವುದು

ಅತಿ ಕಡಿಮೆ ಕೂಲಿಯ ದಾರಿ ಇದು. ನ್ಯೂಜಿಲೆಂಡಿನ ಲೀ ಎಂಬಲ್ಲಿ 1975ರಲ್ಲಿ ಕಡಲ ರಕ್ಷಿತ ಪ್ರದೇಶ ಮಾಡಿದರು. ಮೀನು ಹಿಡಿಯುವುದು ನಿಂತಿತು. ಸ್ನ್ಯಾಪರ್ ಮೀನು, ದೊಡ್ಡ ಕಲ್ಲುಸಿಗಡಿಗಳು (ಲಾಬ್‌ಸ್ಟರ್) ಹೆಚ್ಚಾದವು. ಅವು ಮುಳ್ಳುಚೆಂಡು ತಿಂದವು. ಕೆಲ್ಪ್ ಮರಳಿತು. ಕೇಳಲು ಎಷ್ಟು ಚೆಂದ. ಆದರೆ ಇಷ್ಟಾಗಲು ದಶಕಗಳು ಹಿಡಿದವು.

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಮುಳ್ಳುಚೆಂಡಿನ ಕಾಟಕ್ಕಿಂತ ಬಲೆ ಎಳೆಯುವ ದೋಣಿಗಳ ಕಾಟ. 1987ರ ದೊಡ್ಡ ಬಿರುಗಾಳಿಯೂ ಕೈ ಸೇರಿಸಿತ್ತು. ಅಲ್ಲಿಂದೀಚೆಗೆ ಶೇಕಡಾ 96ರಷ್ಟು ಕೆಲ್ಪ್ ಹೋಗಿತ್ತು. 2021ರಲ್ಲಿ ದಡದ ಹತ್ತಿರದ 300 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ತಳ ಗುಡಿಸುವ ಬಲೆ ನಿಷೇಧಿಸಿದರು. ಒಂದು ಗಿಡವನ್ನೂ ನೆಡದೆ ಕಾದು ನೋಡುತ್ತಿದ್ದಾರೆ. ನಮ್ಮ ಹಳ್ಳದ ಬೇಲಿ ನೆನಪಾಯಿತು ನನಗೆ.

ಇಲ್ಲೊಂದು ಅಪಾಯ ಇದೆ. ಮುಳ್ಳುಚೆಂಡು ತಿನ್ನುವ ಬೇಟೆಗಾರ ಪ್ರಾಣಿಯೇ ಸತ್ತರೆ? ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕಡಲ ನೀರುನಾಯಿಯನ್ನು ಚರ್ಮಕ್ಕಾಗಿ ಬೇಟೆಯಾಡಿ ಹಿಂದೆಯೇ ಹೆಚ್ಚುಕಡಿಮೆ ಮುಗಿಸಿದ್ದರು. ಅದು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುತ್ತದೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅದು ಇಲ್ಲ. ಅಲ್ಲಿ ಮುಳ್ಳುಚೆಂಡಿಗೆ ಹೆದರಿಕೆ ಹುಟ್ಟಿಸುತ್ತಿದ್ದದ್ದು ಸೂರ್ಯಕಾಂತಿ ನಕ್ಷತ್ರಮೀನು. 2013ರಲ್ಲಿ ಅದಕ್ಕೆ ಮೈ ಕರಗುವ ರೋಗ ಬಂತು. ಹಿಂದೆಯೇ 2014ರಿಂದ 2016ರ ತನಕ ಸಮುದ್ರ ಬಿಸಿಯಾಯಿತು. ಎರಡೇಟಿಗೆ ಕಾಡು ಮಲಗಿತು. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಾಗಿದ್ದು 2025ರಲ್ಲಿ. ಈಗ ಈ ನಕ್ಷತ್ರಮೀನನ್ನು ಪ್ರಯೋಗಾಲಯದಲ್ಲಿ ಮರಿ ಮಾಡಿಸುತ್ತಿದ್ದಾರೆ. ತಾಳ್ಮೆ ಇರುವವರಿಗೆ ಒಳ್ಳೆ ವಿಷಯ ಇದು. ಮೂರು ವರ್ಷದಲ್ಲಿ ಫಲಿತಾಂಶ ಬೇಕು ಅನ್ನುವವರಿಗೆ ಅಲ್ಲ.

ದೊಡ್ಡ ಗಿಡ ಕಿತ್ತು ತಂದು ನೆಡುವುದು

ಸಿಡ್ನಿಯ ಉದಾಹರಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಲ್ಲಿ ಕ್ರೇವೀಡ್ ಅಂತ ಒಂದು ಕಡಲಕಳೆ. ಕೆಲ್ಪಿನ ದಾಯಾದಿ ಅನ್ನಿ. ನಗರದ ಮುಂದಿನ ಸುಮಾರು 70 ಕಿಲೋಮೀಟರ್ ಕರಾವಳಿಯಿಂದ 1980ರ ದಶಕದಲ್ಲಿ ಮಾಯವಾಯಿತು. ಕಾರಣ ಬಹುಶಃ ಚರಂಡಿ ನೀರು. 1990ರ ದಶಕದ ಹೊತ್ತಿಗೆ ಕೊಳಚೆ ಕೊಳವೆಗಳನ್ನು ದೂರದ ಆಳಕ್ಕೆ ಒಯ್ದರು. ನೀರು ಚೊಕ್ಕವಾಯಿತು. ಗಿಡ ಮಾತ್ರ ವಾಪಸ್ ಬರಲಿಲ್ಲ.

ಯಾಕೆ? ಬೇಲಿ ಹಾಕಿದ್ದಾಯಿತು, ಹಕ್ಕಿ ಬರಲಿಲ್ಲ ಅಂದ ಹಾಗೆ. ತಾಯಿಗಿಡ ದೂರ, ಅದರ ಮೊಳಕೆ ಅಷ್ಟು ದೂರ ತೇಲಿ ಬರುವುದಿಲ್ಲ. ಆಗ ಸಂಶೋಧಕರು ಆರೋಗ್ಯವಾಗಿದ್ದ ಜಾಗದಿಂದ ಬೆಳೆದ ಗಿಡಗಳನ್ನೇ ತಂದರು. ಕ್ರೇವೀಡಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಎರಡನ್ನೂ ಸೇರಿಸಿ ಬಂಡೆಗೆ ಬೋಲ್ಟ್ ಹಾಕಿದ ಬಲೆಗೆ ಕಟ್ಟಿದರು. ಈ ಕೆಲಸ ಶುರುವಾಗಿದ್ದು 2011ರಲ್ಲಿ. ಕಟ್ಟಿದ ಗಿಡಗಳು ಉಳಿಯುವುದು ಮುಖ್ಯವಲ್ಲ, ಅವು ಮರಿ ಹಾಕಬೇಕು. ಹಾಕಿದವು. ಮರಿಗಳು ಪಕ್ಕದ ಬಂಡೆಗೂ ಹಬ್ಬಿದವು.

ಖರ್ಚು ಜಾಸ್ತಿ, ಪ್ರತಿ ಗಿಡಕ್ಕೂ ಮುಳುಗುಗಾರರು ಬೇಕು. ಕೊಡುವ ಕಾಡಿನಿಂದ ಎಷ್ಟು ಕೀಳಬಹುದು ಅನ್ನುವುದಕ್ಕೂ ಮಿತಿ ಇದೆ. ಆದರೆ ಕಾರಣ ಹೋಗಿದೆ, ಬೀಜ ಮಾತ್ರ ಬರುತ್ತಿಲ್ಲ ಅನ್ನುವಲ್ಲಿ ಇದರಷ್ಟು ನೇರ ದಾರಿ ಇನ್ನೊಂದಿಲ್ಲ.

ಸಸಿಮಡಿ ಮಾಡಿ ಕಲ್ಲು ಎಸೆಯುವುದು

ನಾರ್ವೆಯವರ ಉಪಾಯ ಇದು. 'ಹಸಿರು ಜಲ್ಲಿ' ಅಂತ ಕರೆಯುತ್ತಾರೆ. ಪ್ರಯೋಗಾಲಯದ ತೊಟ್ಟಿಯಲ್ಲಿ ಸಣ್ಣ ಜಲ್ಲಿಕಲ್ಲಿನ ಮೇಲೆ ಕೆಲ್ಪಿನ ಬೀಜಕಣ ಕೂರಿಸುತ್ತಾರೆ. ಮರಿ ಎರಡು ಮೂರು ಸೆಂಟಿಮೀಟರ್ ಆದಾಗ ದೋಣಿಯಿಂದ ಕಲ್ಲು ಚೆಲ್ಲುತ್ತಾರೆ. ಅಷ್ಟೆ! ಮುಳುಗುವುದೂ ಇಲ್ಲ, ಬೋಲ್ಟೂ ಇಲ್ಲ. ಬೆಳೆಯುತ್ತಾ ಹಿಡಿಕೆ ಕಲ್ಲನ್ನು ದಾಟಿ ಕೆಳಗಿನ ಬಂಡೆಯನ್ನೇ ಹಿಡಿಯುತ್ತದೆ. 2020ರಲ್ಲಿ ಇದರ ವರದಿ ಪ್ರಕಟವಾದ ಮೇಲೆ ಬೇರೆ ದೇಶದವರೂ ಮಾಡಿ ನೋಡುತ್ತಿದ್ದಾರೆ.

ಊಟದ ಮೇಜಿನ ಮೇಲೆ ಒಂದು ಹಿಡಿ ಜಲ್ಲಿ ಇಟ್ಟುಕೊಂಡು ನಾವಿಬ್ಬರೂ ಇದನ್ನು ಲೆಕ್ಕ ಹಾಕಿದೆವು. ಅಗ್ಗ, ಹೌದು. ದೊಡ್ಡ ಜಾಗಕ್ಕೆ ಒಗ್ಗುತ್ತದೆ, ಹೌದು. ಆದರೆ ಅಲೆ ಜೋರಿರುವಲ್ಲಿ ಈ ಕಲ್ಲು ನಿಲ್ಲುತ್ತದಾ? ಉರುಳಿ ಉರುಳಿ ಮರಿ ಜಜ್ಜಿಹೋಗುವುದಿಲ್ಲವಾ? ಹೋಗುತ್ತದೆ. ಹಾಗಾಗಿ ಶಾಂತ ನೀರಿನ ಕೊಲ್ಲಿಗಳಿಗೆ ಇದು ಹೇಳಿ ಮಾಡಿಸಿದ್ದು, ತೆರೆದ ಕಡಲಿಗೆ ಅನುಮಾನ. ಮುಳ್ಳುಚೆಂಡು ಇರುವಲ್ಲಂತೂ ಮಾತೇ ಬೇಡ, ನನ್ನ ಇನ್ನೂರು ಸಸಿಯ ಗತಿಯೇ.

ಬಿಸಿ ತಡೆಯುವ ತಳಿ

ಟಾಸ್ಮೇನಿಯಾದಲ್ಲಿ ತೊಂದರೆ ಎರಡು ಪಟ್ಟು. ಬಿಸಿನೀರಿನ ಪ್ರವಾಹ ಮೊದಲಿಗಿಂತ ಬಲವಾಗಿ ದಕ್ಷಿಣಕ್ಕೆ ಇಳಿಯುತ್ತಿದೆ. ಅದರ ಜೊತೆ ಉದ್ದ ಮುಳ್ಳಿನ ಮುಳ್ಳುಚೆಂಡೂ ಉತ್ತರದಿಂದ ಬಂದು ನೆಲೆಸಿದೆ. ಅಲ್ಲಿನ ದೈತ್ಯ ಕೆಲ್ಪ್ ಕಾಡನ್ನು ಆಸ್ಟ್ರೇಲಿಯಾ ಸರ್ಕಾರ 2012ರಲ್ಲಿ ಅಪಾಯದಲ್ಲಿರುವ ಜೀವಸಮುದಾಯಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಹೋಬಾರ್ಟ್ ನಗರದ ಸಂಶೋಧಕರು ಉಳಿದ ಚೂರುಪಾರು ಗಿಡಗಳಿಂದ ಬೀಜಕಣ ತೆಗೆದು, ಬಿಸಿ ನೀರಿನಲ್ಲಿ ಯಾವುದು ಚೆನ್ನಾಗಿ ಬೆಳೆಯುತ್ತದೆ ಅಂತ ಆರಿಸಿದರು. ಆರಿಸಿದ್ದನ್ನು ಕಡಲಿನಲ್ಲಿ ನೆಟ್ಟರು. ಕೆಲವು ಕಡೆ ಮರಿಗಳು ಬೆಳೆದು ದೊಡ್ಡವಾಗಿವೆ, ಕೆಲವು ಕಡೆ ಕೈ ಕೊಟ್ಟಿವೆ.

ಚಿಕ್ಕಮಗಳೂರಿನವರಿಗೆ ಇದು ಹೊಸ ವಿಷಯವೇ ಅಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದು. ಎಲೆ ತುಕ್ಕು ರೋಗ ತಡೆಯುವ ಗಿಡ ಆರಿಸುವುದು ಅವರ ದೊಡ್ಡ ಕೆಲಸಗಳಲ್ಲಿ ಒಂದು. ಎಸ್.795 ಹಾಗೆ ಬಂದ ತಳಿ. ಆದರೆ ಅದೇ ತಳಿಗೆ ಕಾಂಡಕೊರಕ ಹತ್ತುತ್ತದೆ ಅಲ್ವಾ? ಒಂದು ಗುಣಕ್ಕೆ ಆರಿಸಿದ್ದು ಇನ್ನೊಂದರಿಂದ ಕಾಪಾಡುವುದಿಲ್ಲ. ಬಿಸಿ ತಡೆಯುವ ಕೆಲ್ಪನ್ನೂ ಮುಳ್ಳುಚೆಂಡು ತಿನ್ನುತ್ತದೆ. ಈ ದಾರಿ ಹಿಡಿದರೆ ಸುತ್ತಿಗೆಯನ್ನೂ ಹಿಡಿಯಬೇಕು.

ಬಿಸಿಗೂ ಒಂದು ಮಿತಿ ಇದೆ. 2011ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಡಲ ಬಿಸಿಗಾಳಿ ಅಂತಾರಲ್ಲ, ಅಂದರೆ ಸಮುದ್ರದ ನೀರೇ ವಿಪರೀತ ಬಿಸಿಯಾಗಿ ನಿಲ್ಲುವುದು, ಅದು ಹೊಡೆದಾಗ ಕೆಲ್ಪಿನ ಗಡಿ ಸುಮಾರು 100 ಕಿಲೋಮೀಟರ್ ಹಿಂದೆ ಸರಿಯಿತು. ಬಿಸಿ ನೀರಿನ ಮೀನುಗಳು ಬಂದು ಚಿಗುರು ತಿನ್ನುತ್ತಿವೆ. ಅಂಥ ಗಡಿ ಜಾಗದಲ್ಲಿ ದುಡ್ಡು ಸುರಿಯುವ ಮುಂಚೆ ಎರಡು ಸಲ ಯೋಚಿಸಬೇಕು. ನಾನಾಗಿದ್ದರೆ ಆ ದುಡ್ಡಿನಲ್ಲಿ ಇನ್ನೂ ಉಳಿದಿರುವ ಕಾಡು ಕಾಯುತ್ತಿದ್ದೆ.

ಕಾಂಕ್ರೀಟು

ದಕ್ಷಿಣ ಕೊರಿಯಾದವರು 2013ರಿಂದ ಮೇ 10ನ್ನು ಕಡಲಿನ ವನಮಹೋತ್ಸವ ದಿನ ಅಂತ ಆಚರಿಸುತ್ತಾರೆ. ಸರ್ಕಾರವೇ ದುಡ್ಡು ಹಾಕಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಕಾಂಕ್ರೀಟ್ ದಿಮ್ಮಿ ಇಳಿಸಿ ಅದರ ಮೇಲೆ ಕಡಲಕಳೆ ಕಟ್ಟುವುದೂ ಅದರಲ್ಲಿ ಸೇರಿದೆ. ತಳ ಮರಳಾಗಿದ್ದು ಹಿಡಿಯಲು ಬಂಡೆಯೇ ಇಲ್ಲದಿದ್ದರೆ ಸರಿ. ಬಂಡೆ ಇದ್ದೂ ಗಿಡ ಇಲ್ಲ ಅಂದರೆ ದಿಮ್ಮಿ ಯಾಕೆ?

ಹಾಗಾದರೆ ಯಾವುದು?

ಬರಡು ಬಂಡೆಯ ತುಂಬ ಮುಳ್ಳುಚೆಂಡು, ಒಂದೆರಡು ಕಿಲೋಮೀಟರಿನಲ್ಲಿ ಕೆಲ್ಪ್ ಇದೆ ಅಂದರೆ ಸುತ್ತಿಗೆ. ಬೇಗ ಫಲ ಕಾಣುವುದು ಇದೊಂದೇ, ಒಂದೆರಡು ವರ್ಷ ಸಾಕು. ಆದರೆ ಬೇಟೆಗಾರ ಪ್ರಾಣಿ ವಾಪಸ್ ಬರುವ ತನಕ ಕೈ ಬಿಡುವ ಹಾಗಿಲ್ಲ. ಕಾರಣ ಬಲೆ ಅಥವಾ ಮಿತಿಮೀರಿದ ಮೀನುಗಾರಿಕೆ ಆಗಿದ್ದರೆ ನಿಷೇಧ ಮಾಡಿ ಕಾಯುವುದು. ಕೂಲಿ ಕಡಿಮೆ, ಜಗಳ ಜಾಸ್ತಿ. ಮೀನುಗಾರರನ್ನು ಮೊದಲ ದಿನವೇ ಕೂರಿಸಿಕೊಂಡು ಮಾತಾಡದಿದ್ದರೆ ಅದು ಕಾಗದದ ಬೇಲಿ. ನೀರು ಸರಿಯಾಗಿದೆ, ತಾಯಿಗಿಡ ಇಲ್ಲ ಅಂದರೆ ಜಾಗ ಚಿಕ್ಕದಿದ್ದು ಅಲೆ ಇದ್ದಲ್ಲಿ ಸಿಡ್ನಿಯ ದಾರಿ, ಶಾಂತ ನೀರಿದ್ದು ಜಾಗ ದೊಡ್ಡದಿದ್ದರೆ ಜಲ್ಲಿ. ನೀರೇ ಬಿಸಿಯಾಗಿದ್ದರೆ ತಳಿ ಆರಿಸುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಅದೂ ಖಾತ್ರಿಯಲ್ಲ.

ಇನ್ನೊಂದು ಮಾತು. ಜಗತ್ತಿನಲ್ಲಿ ಈವರೆಗೆ ಮಾಡಿದ ಪ್ರಯತ್ನಗಳಲ್ಲಿ ಹೆಚ್ಚಿನವು ಒಂದು ಹೆಕ್ಟೇರಿಗಿಂತ ಚಿಕ್ಕವು, ಅಂದರೆ ನಮ್ಮ ಮೂರು ಎಕರೆ ತೋಟಕ್ಕಿಂತಲೂ ಸಣ್ಣ ಜಾಗ. 2040ರೊಳಗೆ 10 ಲಕ್ಷ ಹೆಕ್ಟೇರ್ ಮರಳಿ ತರಬೇಕು, 30 ಲಕ್ಷ ಹೆಕ್ಟೇರ್ ಕಾಪಾಡಬೇಕು ಅಂತ ಕೆಲ್ಪ್ ಕೆಲಸದವರು ಗುರಿ ಇಟ್ಟುಕೊಂಡಿದ್ದಾರೆ. ಕಾಪಾಡುವ ಅಂಕಿ ಮೂರು ಪಟ್ಟು ಇರುವುದು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

ನಮ್ಮ ಕಡಲಿಗೆ?

ಕೆಲ್ಪ್ ಕಾಡು ನಮ್ಮಲ್ಲಿಲ್ಲ, ನೀರು ಬೆಚ್ಚಗೆ. ಸಾರ್ಗಾಸಮ್‌ನಂಥ ಗಿಡ್ಡ ಕಡಲಕಳೆ ಇದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಅದನ್ನು ಕೀಳುವವರು ಹೆಂಗಸರು. ಎಷ್ಟು ದಿನ ಕೀಳಬೇಕು ಅನ್ನುವುದಕ್ಕೆ ತಾವೇ ಮಿತಿ ಹಾಕಿಕೊಂಡರು. ಅವರಲ್ಲೊಬ್ಬರಾದ ಚಿನ್ನಪಾಲಂನ ಲಕ್ಷ್ಮಿ ಅವರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ಅದೇ ಕೊಲ್ಲಿಯಲ್ಲಿ ಕೃಷಿಗೆಂದು ತಂದ ಹೊರಗಿನ ಕಪ್ಪಾಫೈಕಸ್ ಎಂಬ ಕಡಲಕಳೆ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿ ಉಸಿರು ಕಟ್ಟಿಸಿದ್ದೂ ಇದೆ. ಲಂಟಾನ ಕಂಡವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಂದಹಾಗೆ ಅಂಗಡಿಯ ಆ ಕಂದು ದ್ರವದಲ್ಲಿ ಎರಡು ಬಗೆ. ಒಂದು ಈ ತಮಿಳುನಾಡಿನ ಕೃಷಿಯಿಂದ ಬಂದದ್ದು, ಇನ್ನೊಂದು ಅಟ್ಲಾಂಟಿಕ್‌ನ ತಣ್ಣನೆ ಬಂಡೆಗಳಿಂದ ಕಿತ್ತ ಕಂದು ಕಳೆಯದು. ಈಗ ಲೇಬಲ್ ಓದಿಯೇ ತರುತ್ತೇನೆ.

ಅಕ್ಕನ ಮಗಳು ಕೊನೆಗೆ ದೇಶ ನೋಡಿ ಆರಿಸಲಿಲ್ಲ. ಎಲ್ಲ ಕಡೆಗೂ ಒಂದೇ ಇಮೇಲ್ ಹಾಕಿದಳು. ನಿಮ್ಮ ಜಾಗದಲ್ಲಿ ಕಾಡು ಹೋಗಿದ್ದು ಯಾಕೆ? ಆ ಕಾರಣ ಈಗ ಎಷ್ಟಿದೆ ಅಂತ ಅಳೆದಿದ್ದೀರಾ? ಏನೂ ಮಾಡದೆ ಬಿಟ್ಟ ಜಾಗ ಪಕ್ಕದಲ್ಲಿ ಹೋಲಿಕೆಗೆ ಇದೆಯಾ? ದುಡ್ಡು ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಮೊದಲ ವಾರ ಎರಡು ಉತ್ತರ ಬಂದಿವೆ. ಒಂದರಲ್ಲಿ ಬಣ್ಣದ ಪುಸ್ತಿಕೆ ಲಗತ್ತಿಸಿದ್ದಾರೆ, ಉತ್ತರವಿಲ್ಲ. ಇನ್ನೊಂದು ಬರೀ ಆರು ಸಾಲು. ಅದರಲ್ಲಿ ಎರಡು ಸಾಲು ಸೋತ ಜಾಗಗಳ ಬಗ್ಗೆ. "ಮಾವ, ಇವರ ಹತ್ರಾನೇ ಹೋಗ್ತೀನಿ ಅನ್ಸತ್ತೆ" ಅಂತ ರಾತ್ರಿ ಮೆಸೇಜ್ ಮಾಡಿದ್ದಾಳೆ.